ಎಸ್ಸೆಸ್ಡಿಗೆ ಹಾಕಿದ ಕೇಸು

ಸಿಂದಗಿಯ ಗುರುನಾಥನಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ. ಹೇಳಿದ್ದನ್ನು ಹೇಳಿದ ಹಾಗೆ ನಂಬುವ ಗುಣವೊಂದನ್ನು ಮಾತ್ರ ಕೊಡಲು ಮರೆತಿದ್ದ. ಪೆಟ್ಟಿಗೆಯ ಮೇಲೆ ಏನಾದರೂ ಅಚ್ಚಾಗಿದ್ದರೆ ಅದು ಖರೆಯೋ ಸುಳ್ಳೋ ನೋಡುವ ತನಕ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ನಲವತ್ತೈದು ನಿಮಿಷ ಉರಿಯುತ್ತದೆ ಎಂದಿದ್ದ ಊದಿನಕಡ್ಡಿಯ ಮುಂದೆ ಗಡಿಯಾರ ಹಿಡಿದು ಕೂತು, ಮೂವತ್ತೊಂದಕ್ಕೇ ಆರಿತೆಂದು ಪೂಜೆಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ. ಎಂಥ ಕಲೆಯನ್ನೂ ತೆಗೆಯುತ್ತದೆ ಎಂದಿದ್ದ ಸೋಪಿನ ಪುಡಿಯನ್ನು ಪರೀಕ್ಷಿಸಲು ತನ್ನ ಮದುವೆಯ ಬಿಳಿ ಅಂಗಿಯ ಮೇಲೆ ತಾನೇ ಎಣಗಾಯಿ ರಸ ಸುರಿದುಕೊಂಡಿದ್ದ. ಆ ಅಂಗಿ ಈಗ ಸ್ಕೂಟರ್ ಒರೆಸುವ ಕೆಲಸದಲ್ಲಿದೆ. "ನನ್ನ ಜಾತಕದಾಗ ಶಾಂತ ಸ್ವಭಾವ ಅಂತ ಬರದಿತ್ತು. ಅದನ್ನಷ್ಟ ದಿನಾ ಪರೀಕ್ಷಾ ಮಾಡ್ತಾರ ನೋಡ್ರಿ" ಎಂದು ಹೆಂಡತಿ ವಿಜಯಲಕ್ಷ್ಮಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಅವನು ಊರಿನ ಒಂದು ಹೈಸ್ಕೂಲಿನಲ್ಲಿ ಕ್ಲಾರ್ಕ್. ಕಲಿತದ್ದೂ ಅದೇ ಹೈಸ್ಕೂಲಿನಲ್ಲಿ. ಕಲಿತ ಎನ್ನುವುದಕ್ಕಿಂತ ಕೂತ ಎನ್ನುವುದು ಸರಿ. ಹತ್ತನೆಯ ತರಗತಿಯ ಗಣಿತದಲ್ಲಿ ಮೂರು ಸಲ ಕೂತು ಮೂರೂ ಸಲ ಬಿದ್ದು, ನಾಲ್ಕನೆಯ ಸಲ ಸರಿಯಾಗಿ ಮೂವತ್ತೈದು ತಂದು ಓಣಿಗೆಲ್ಲ ಪೇಢೆ ಹಂಚಿದ್ದ. ಆ ಮೂವತ್ತೈದರ ಹಿಂದೆ ಇದ್ದವರು ಎಸ್.ಎಸ್.ಡಿ. ಸರ್. ಪೂರ್ತಿ ಹೆಸರು ಶ್ರೀಶೈಲಪ್ಪ ಸಂಗಪ್ಪ ದೇವರಮನಿ. ಆದರೆ ನಮ್ಮ ಕಡೆ ಮಾಸ್ತರರ ಪೂರ್ತಿ ಹೆಸರು ಇರುವುದು ಪಗಾರದ ಪಟ್ಟಿಯಲ್ಲಿ ಮಾತ್ರ, ಊರಿಗೆ ಅವರು ಬರೀ ಮೂರು ಅಕ್ಷರ. ಸರ್ ದಿನಾ ಸಂಜೆ ಮನೆಯ ಕಟ್ಟೆಯ ಮೇಲೆ ಗುರುನಾಥನನ್ನು ಕೂಡಿಸಿಕೊಂಡು "ಒಂದು ರೈಲು ತಾಸಿಗೆ ಅರವತ್ತು ಕಿಲೋಮೀಟರ್ ಹೋದ್ರ" ಎಂದು ಶುರು ಮಾಡುತ್ತಿದ್ದರು. "ಸಿಂದಗಿಗೆ ರೈಲಾ ಇಲ್ಲಲ್ರಿ ಸರ್" ಎಂದು ಗುರುನಾಥ ಅಲ್ಲಿಗೇ ನಿಂತುಬಿಡುತ್ತಿದ್ದ. ವೇಗ, ಕಾಲ, ದೂರ ಈ ಮೂರೂ ಅವನನ್ನು ಕಂಡರೆ ಮೂರು ದಿಕ್ಕಿಗೆ ಓಡುತ್ತಿದ್ದವು.

ಈಗ ಹಳೆಯ ವಿದ್ಯಾರ್ಥಿಗಳು ಸೇರಿ ಎಸ್.ಎಸ್.ಡಿ. ಸರ್‌ಗೆ ಗುರುವಂದನೆ ಇಟ್ಟುಕೊಂಡಿದ್ದರು. ಸರ್ ಇಂಥದ್ದಕ್ಕೆಲ್ಲ ಬರುವ ಪೈಕಿ ಅಲ್ಲ. "ಶಾಲು ಹೊದಸ್ಕೊಂಡು ಕೂಡಾಕ ನನಗೇನು ಚಳಿ ಹತ್ತೇತೇನು?" ಎಂದು ನಿವೃತ್ತಿಯಾದ ದಿನವೇ ಸನ್ಮಾನ ಬಿಟ್ಟು ಹಿತ್ತಲ ಬಾಗಿಲಿನಿಂದ ಮನೆಗೆ ಹೋದವರು. ಗುರುನಾಥ ಹನ್ನೊಂದು ದಿನ ಅವರ ಕಟ್ಟೆ ಕಾಯ್ದು, ಕೈ ಮುಗಿದು, ಕಡೆಗೆ ಕಣ್ಣಲ್ಲಿ ನೀರು ತಂದು ಒಪ್ಪಿಸಿದ್ದ. "ನೀ ಕರ್ಯಾಕತ್ತಿ ಅಂತ ಬರ್ತೇನಿ" ಎಂದಿದ್ದರು ಸರ್. ಆ ಒಂದು ಮಾತು ಗುರುನಾಥನಿಗೆ ಮೂವತ್ತಾರನೆಯ ಮಾರ್ಕು ಸಿಕ್ಕ ಹಾಗಾಗಿತ್ತು. ರವಿವಾರ ಸರ್ ಬಂದು ಕುರ್ಚಿಯ ಮೇಲೆ ಕೂತರೆ ಸಾಕು, ಈ ಜನ್ಮಕ್ಕೆ ಬೇರೇನೂ ಬೇಡ ಎಂದುಕೊಂಡಿದ್ದ.

ಅವತ್ತು ಸರ್ ಕಾಲದ ಗ್ಯಾದರಿಂಗುಗಳ, ಅಂದರೆ ಶಾಲೆಯ ವಾರ್ಷಿಕೋತ್ಸವಗಳ ವಿಡಿಯೋ ತೋರಿಸುವ ಜವಾಬ್ದಾರಿಯೂ ಅವನದೇ. ವಿಡಿಯೋ ಎಲ್ಲ ಇದ್ದದ್ದು ಶಾಲೆಯ ಹಳೆಯ ಲ್ಯಾಪ್‌ಟಾಪಿನಲ್ಲಿ. ಆ ಲ್ಯಾಪ್‌ಟಾಪು ತೀರಿಕೊಂಡಿತ್ತು. ಪುಣ್ಯಕ್ಕೆ ಒಳಗಿನ ಎಸ್‌ಎಸ್‌ಡಿ, ಅಂದರೆ ಫೈಲುಗಳೆಲ್ಲ ಇರುವ ಚೂಯಿಂಗ್ ಗಮ್ಮಿನಷ್ಟು ಸಣ್ಣ ಪಟ್ಟಿ, ಇನ್ನೂ ಜೀವ ಹಿಡಿದಿತ್ತು. ಅದನ್ನು ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಲು ಒಂದು ಅಲ್ಯೂಮಿನಿಯಂ ಡಬ್ಬಿ ಸಿಗುತ್ತದೆ. ಅಂಗಡಿಯವರು ಅದಕ್ಕೆ ಕೇಸ್ ಎನ್ನುತ್ತಾರೆ. ಬಸವನ ಬಾಗೇವಾಡಿಯ ಮೋದಿನಸಾಬನ ಅಂಗಡಿಯಿಂದ ಗುರುನಾಥ ಅಂಥದ್ದೊಂದು ಕೇಸ್ ತರಿಸಿದ. ಅದರ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಕಾಪಿಯ ವೇಗ ಸೆಕೆಂಡಿಗೆ ಸಾವಿರ ಎಂಬಿ.

ಅದು ಅಚ್ಚಾಗಬಾರದಿತ್ತು, ಆಗಿಬಿಟ್ಟಿತ್ತು.

ಪೆಟ್ಟಿಗೆಯೊಳಗೆ ಗೇಣುದ್ದದ ಒಂದು ಗಿಡ್ಡ ವಾಯರ್ ಕೂಡ ಇತ್ತು. ಇಷ್ಟು ಗಿಡ್ಡ ವಾಯರು ಯಾರಿಗೆ ಬೇಕು ಎಂದು ಗುರುನಾಥ ಅದನ್ನು ಎಸ್.ಎಸ್.ಡಿ. ಸರ್‌ಗೆ ಕೊಟ್ಟ, ಅವರ ಫೋನ್ ಚಾರ್ಜರಿನ ವಾಯರನ್ನು ಇಲಿ ಕಡಿದಿತ್ತು. ತಾನು ತನ್ನ ಫೋನಿನದೇ ಎರಡು ಮೊಳದ ವಾಯರ್ ಹಚ್ಚಿ, ಶಾಲೆಯಿಂದ ತಂದ ಇನ್ನೊಂದು ಲ್ಯಾಪ್‌ಟಾಪಿಗೆ ಇಪ್ಪತ್ತನಾಲ್ಕು ಜಿಬಿಯ ವಿಡಿಯೋ ಕಾಪಿ ಮಾಡಲು ಬಿಟ್ಟು ಗಡಿಯಾರ ಹಿಡಿದು ಕೂತ. ವಿಜಯಲಕ್ಷ್ಮಿ ರೊಟ್ಟಿ ಬಡಿಯುತ್ತಿದ್ದಳು. ಐದು ರೊಟ್ಟಿ ಆದವು, ಕಾಪಿ ಆಗಲಿಲ್ಲ. ಸರಿಯಾಗಿ ಹತ್ತು ನಿಮಿಷಕ್ಕೆ ಮುಗಿಯಿತು.

"ಹತ್ತು ನಿಮಿಷಕ್ಕ ಇಪ್ಪತ್ನಾಲ್ಕು ಜಿಬಿ ಅಂದ್ರ ಸೆಕೆಂಡಿಗೆ ಎಷ್ಟಾತು?" ಎಂದ ಗುರುನಾಥ ಬೆರಳು ಮಡಚುತ್ತ.

ಅವಳು ಹಿಟ್ಟಿನ ಕೈಯಲ್ಲೇ ಫೋನಿನಲ್ಲಿ ಭಾಗಿಸಿ ಹೇಳಿದಳು. "ನಲವತ್ತು."

"ಸಾವಿರ ಅಂತ ಬರದಾರ!"

"ನೀವೂ ಲಗ್ನದಾಗ ಇಂಜಿನಿಯರ್ ಓದಾಕ ಹೋಗಾಂವ ಅದೇನಿ ಅಂತ ಹೇಳಿದ್ರಿ. ನಾ ಏನರ ಅಂದೇನೇನು?"

ಗುರುನಾಥ ಅದನ್ನು ಕೇಳಿಸಿಕೊಳ್ಳಲಿಲ್ಲ. ಸಾವಿರದಲ್ಲಿ ನಲವತ್ತು ಬಂದರೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಡಬ್ಬಿಯ ಒಳಗೇ ಉಳಿಯುತ್ತದೆಯೇ, ದಾರಿಯಲ್ಲಿ ಸೋರುತ್ತದೆಯೇ? ಮರುದಿನ ಇದೇ ಗುಂಗಿನಲ್ಲಿ ಅವನು ಶಾಲೆಯ ಕಾಗದ ಝೆರಾಕ್ಸ್ ಮಾಡಿಸಲು ಕೋರ್ಟಿನ ಎದುರಿಗಿರುವ ಧರೆಪ್ಪನ ಅಂಗಡಿಗೆ ಹೋದ. ಧರೆಪ್ಪ ಇಪ್ಪತ್ತು ವರ್ಷ ವಕೀಲರ ಕಾಗದ ಝೆರಾಕ್ಸ್ ಮಾಡಿ ಮಾಡಿ, ತಾನೂ ಅರ್ಧ ವಕೀಲನಾದವನು. ಅಷ್ಟರಲ್ಲಿ ಮುದ್ದೇಬಿಹಾಳದ ಗೆಳೆಯ ಕಲ್ಮೇಶನ ಫೋನು ಬಂತು. ವಿಡಿಯೋ ಎಲ್ಲಿಗೆ ಬಂತೆಂದು ಕೇಳಲು ಮಾಡಿದ್ದ. ಗುರುನಾಥ ಫೋನಿನಲ್ಲಿ ಮಾತಾಡಿದರೆ ಮುದ್ದೇಬಿಹಾಳಕ್ಕೆ ಫೋನು ಬೇಕಾಗುವುದಿಲ್ಲ, ಅಷ್ಟು ದೊಡ್ಡ ದನಿ.

"ಹೂಂ ಕಲ್ಮೇಶ, ಎಸ್ಸೆಸ್ಡಿಗೆ ಕೇಸ್ ಹಾಕೇನಿ!... ಹೌದಪಾ, ನಿನ್ನೇನ ಹಾಕಿದೆ. ಹಳೇದಾದ್ರೂ ಒಳಗ ಇನ್ನೂ ಜೀವ ಐತಿ. ಆದ್ರ ಭಾಳ ಸುಸ್ತ ಐತೋ. ಒಂದು ಕೆಲಸಕ್ಕ ಹತ್ತು ನಿಮಿಷ ಹಿಡೀತೈತಿ, ಮೈ ಕಾದ ಹಂಚು ಆಗತೈತಿ. ಹೇಳೂದು ಸಾವಿರ, ಮಾಡೂದು ನಲವತ್ತು!... ಬಿಡಾಂವಲ್ಲ ನಾ. ಬಾಗೇವಾಡಿಗೆ ಹೋಗಿ ಕೇಳಾಂವನ."

ಧರೆಪ್ಪನ ಕೈಯಲ್ಲಿದ್ದ ಕಾಗದ ಮಶೀನಿನಲ್ಲಿ ಸಿಕ್ಕಿಕೊಂಡಿತು. ಗುರುವಿನ ಮೇಲೆ ಶಿಷ್ಯ ಕೇಸ್ ಹಾಕಿದ್ದು ಒಂದು ಕಡೆ ಇರಲಿ, ಕಲಿಯುಗದಲ್ಲಿ ಅದೂ ನಡೆದೀತು. ಆದರೆ ಅಂಥ ಸರ್‌ಗೆ 'ಅದಾರ' ಅನ್ನದೆ 'ಐತಿ' ಅನ್ನುವುದೇ? ಮನುಷ್ಯರಿಗೆ ಆಡುವ ಮಾತೇ ಅದು? ಗುರುನಾಥ ಹೋದ ಮೇಲೆ ಧರೆಪ್ಪ ಬಂದ ಗಿರಾಕಿಗಳಿಗೆಲ್ಲ ಇದನ್ನೇ ಹೇಳಿದ. "ದನದ ಸಂತ್ಯಾಗ ಎತ್ತಿಗೆ ಹೇಳಿದಂಗ ಹೇಳ್ಯಾನ್ರಿ. ಜೀವ ಐತಿ, ಸುಸ್ತ ಐತಿ ಅಂತ. ನನ್ನ ಕಿವೀಲೆ ಕೇಳೇನಿ." ಒಂದು ಝೆರಾಕ್ಸಿಗೆ ಎರಡು ಪ್ರತಿಯಂತೆ ಸುದ್ದಿ ಊರಿಗೆ ಹಂಚಿಹೋಯಿತು.

ಇದಕ್ಕೆ ಸರಕಾರಿ ಮೊಹರು ಬೀಳುವುದಷ್ಟೇ ಬಾಕಿ ಇತ್ತು. ಅದನ್ನು ಗುರುನಾಥನೇ ಒದಗಿಸಿದ. ಮರುದಿನ ಹೆಡ್‌ಮಾಸ್ತರ ಸಾಬೀರಾ ಮೇಡಂ ಅವರ ಮೇಜಿನ ಮೇಲೆ ಅವನ ರಜೆಯ ಅರ್ಜಿ ಬಂತು. 'ಮಾನ್ಯರೆ, ಎಸ್ಎಸ್‌ಡಿ ಕೇಸಿನ ಸಲುವಾಗಿ ನಾನು ಬಸವನ ಬಾಗೇವಾಡಿಗೆ ಹೋಗುವುದಿರುವುದರಿಂದ ಒಂದು ದಿನದ ರಜೆ ಮಂಜೂರು ಮಾಡಬೇಕೆಂದು ವಿನಂತಿ.' ಮೇಡಂ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಅವರೂ ಎಸ್.ಎಸ್.ಡಿ. ಸರ್ ಕೈಯಲ್ಲಿ ಕಲಿತವರೇ.

"ಗುರುನಾಥ, ಇದು ಬೇಕೇನು? ವಯಸ್ಸಾಗೇತಿ."

"ವಯಸ್ಸಾಗೇತಿ ಖರೇರಿ ಮೇಡಂ. ಆದ್ರ ಇನ್ನೂ ಎಷ್ಟು ತಾಕತ್ತು ಉಳದೈತಿ ಅಂತ ನೋಡೇ ಬಿಡಬೇಕ್ರಿ."

"ಅಷ್ಟು ಮಂದಿ ಮುಂದ ಮರ್ಯಾದಿ ಏನಾಗಬೇಕು?"

"ಅದ್ಕನ್ರಿ ಮೇಡಂ. ರವಿವಾರ ಮಂದಿ ಮುಂದ ಮರ್ಯಾದಿ ಹೋಗಬಾರದು ಅಂತ ಈಗ ಓಡಾಡಾಕತ್ತೇನಿ."

ಮೇಡಂ ಉಸಿರು ಬಿಟ್ಟು ಸಹಿ ಮಾಡಿದರು. ಸಹಿಯ ಕೆಳಗೆ ಕೆಂಪು ಶಾಯಿಯಲ್ಲಿ 'ರಾಜಿ ಆಗುವುದು ಉತ್ತಮ' ಎಂದು ಬರೆದರು. ಅದೇನೆಂದು ಗುರುನಾಥನಿಗೆ ತಿಳಿಯಲಿಲ್ಲ. ರಜೆಗೆ ರಾಜಿ ಇದ್ದೇನೆ ಅಂದಿರಬೇಕು ಎಂದುಕೊಂಡ.

ಬುಧವಾರ ಬಾಗೇವಾಡಿಯಲ್ಲಿ ಮೋದಿನಸಾಬ ಡಬ್ಬಿಯನ್ನು ತಿರುವಿ ಮುರುವಿ ನೋಡಿದ. "ಕೇಸ್ ಒಳ್ಳೇದೈತ್ರಿ ಸಾವಕಾರ್ರ. ನಿಮ್ಮ ಲ್ಯಾಪ್‌ಟಾಪ್ ಹಳೇದು. ಹೊಸಾದಕ್ಕ ಹಚ್ಚಿ ನೋಡ್ರಿ." ಹೊಸದು ಇದ್ದದ್ದು ಮುದ್ದೇಬಿಹಾಳದ ಕಲ್ಮೇಶನ ಹತ್ತಿರ. ಗುರುವಾರ ಇನ್ನೊಂದು ಅರ್ಜಿ, 'ಅದೇ ಕೇಸಿನ ಸಲುವಾಗಿ ಮುದ್ದೇಬಿಹಾಳಕ್ಕೆ'. ಅಲ್ಲಿ ಕಲ್ಮೇಶನ ಫಳಫಳ ಹೊಳೆಯುವ ಲ್ಯಾಪ್‌ಟಾಪಿಗೆ ತನ್ನ ಉದ್ದ ವಾಯರ್ ಹಚ್ಚಿ ನೋಡಿದ. ಅಲ್ಲೂ ಹತ್ತೇ ನಿಮಿಷ. ಒಂದು ಸೆಕೆಂಡು ಆಚೆ ಇಲ್ಲ, ಈಚೆ ಇಲ್ಲ. ಕಲ್ಮೇಶ ತಲೆ ಕೆರೆದುಕೊಂಡು "ಇಂಡ್ಯಾಗ ಅಯೂಬ ಅದಾನ, ಮದುವಿ ವಿಡಿಯೋ ಮಾಡಾಂವ. ಅಂವಗ ಇದೆಲ್ಲಾ ತಿಳೀತೈತಿ" ಎಂದ.

ಇತ್ತ ಧರೆಪ್ಪನ ಅಂಗಡಿಯಲ್ಲಿ ನಕಾಶೆ ತಯಾರಾಗಿತ್ತು. "ಬಾಗೇವಾಡಿ ಕೋರ್ಟಿನಾಗ ನಡೀಲಿಲ್ಲಂತ. ಮುದ್ದೇಬಿಹಾಳದಾಗ ಹಾಕ್ಯಾನ. ಅಲ್ಲೂ ನಡೀಲಿಲ್ಲ, ಶನಿವಾರ ಇಂಡಿ. ಮುಂದ ಕಲಬುರಗಿ ಹೈಕೋರ್ಟ್ ಒಂದ ಉಳೀತು ನೋಡ್ರಿ."

ಶುಕ್ರವಾರ ಸಂಜೆ ಗುರುನಾಥ ಕಾರ್ಯಕ್ರಮದ ವೇಳೆ ಹೇಳಿ ಬರಲು ಸರ್ ಮನೆಗೆ ಹೋದ. ಸರ್ ಹೆಂಡತಿ ಸುನಂದಾ ಬಾಗಿಲನ್ನು ನಾಲ್ಕು ಬೆರಳಷ್ಟೇ ತೆರೆದು "ಅವರು ಮನ್ಯಾಗಿಲ್ಲ" ಎಂದರು. ಒಳಗಿನಿಂದ ಸರ್ ಕೆಮ್ಮಿದ್ದು ಕೇಳಿಸಿತು. ಸುನಂದಮ್ಮ ಒಂದು ಚೀಟಿ ಕೈಗಿಟ್ಟು ಬಾಗಿಲು ಹಾಕಿಕೊಂಡರು. ಕರಿಹಲಗೆಯ ಮೇಲಿನಂತೆಯೇ ದುಂಡಗಿನ ಅಕ್ಷರ: 'ರವಿವಾರದ ಕಾರ್ಯಕ್ರಮಕ್ಕೆ ನಾನು ಬರುವುದಿಲ್ಲ. ಎಸ್.ಎಸ್.ಡಿ.'

ಗುರುನಾಥ ಕಟ್ಟೆಯ ಮೇಲೆಯೇ ನಿಂತು ಚೀಟಿಯನ್ನು ಮೂರು ಸಲ ಓದಿದ. ಹನ್ನೊಂದು ದಿನ ಬೇಡಿ ತಂದ ಮಾತು ಒಂದು ಚೀಟಿಯಲ್ಲಿ ಹೋಯಿತಲ್ಲ ಎಂದು ಸಂಕಟವಾಯಿತು. ಯಾಕೆ ಹೀಗೆ ಎಂದು ರಾತ್ರಿ ಊಟ ಬಿಟ್ಟು ಯೋಚಿಸಿದ. ಯೋಚಿಸಿದರೆ ಯಾವುದಾದರೂ ಒಂದು ಉತ್ತರ ಬರಲೇಬೇಕು, ತಪ್ಪಾದರೂ ಪರವಾಗಿಲ್ಲ ಎನ್ನುವುದು ಅವನ ಹತ್ತನೆಯ ತರಗತಿಯ ಪದ್ಧತಿ. ಹಾಗೇ ಒಂದು ಉತ್ತರ ಬಂತು.

"ವಿಜ್ಜೀ, ಸರ್‌ಗೆ ಗೊತ್ತಾಗೇತಿ! ಸಾವಿರ ಹೇಳಿ ನಲವತ್ತು ಬರಾಕತ್ತೈತಿ ಅನ್ನೂದು ಅವರ ಕಿವಿಗೆ ಬಿದ್ದೈತಿ. ಗಣಿತದ ಮನಶ್ಯಾ, ಹ್ಯಾಂಗ ತಡ್ಕೊಂಡಾರು? ಸರಿ ಉತ್ತರ ತಗೊಂಡ ಹೋದ್ರ ಒಪ್ತಾರ."

ಶನಿವಾರ ಇಂಡಿಯ ಬಸ್ಸಿನಲ್ಲಿ ಕೂತಿದ್ದಾಗ ಜೊತೆಗೆ ಕಲಿತ ಚೇತನಕುಮಾರನ ಫೋನು ಬಂತು. "ಗುರ್ಯಾ, ನಿನ್ನ ಕಾಲಿಗೆ ಬೀಳ್ತೇನಿ, ಕೇಸ್ ವಾಪಸ್ ತಗೋ."

"ಏಳು ದಿನದಾಗ ವಾಪಸ್ ತಗೋತೇವಿ ಅಂತ ಅವರೂ ಹೇಳ್ಯಾರ. ಆದ್ರ ಖರೇ ಏನು ಅಂತ ತಿಳೀದ ತನಕ ನಾ ವಾಪಸ್ ತಗೊಳಾಂವಲ್ಲ."

"ಅಂಥಾದ್ದೇನ ಮಾಡ್ಯಾರೋ ಸರ್ ನಿನಗ?"

"ಸರ್ ಏನ ಮಾಡ್ಯಾರು? ಸರ್ ಸಲುವಾಗೇನ ಇಷ್ಟೆಲ್ಲಾ ಮಾಡಾಕತ್ತೇನಿ" ಎನ್ನುವಷ್ಟರಲ್ಲಿ ಫೋನು ಕಡಿಯಿತು. ಆ ದಾರಿಯಲ್ಲಿ ಟವರು ಸಿಗುವುದು ಅಪರೂಪ, ಅದರಲ್ಲೂ ಬೇಕಾದಾಗ ಸಿಗುವುದೇ ಇಲ್ಲ.

ಇಂಡಿಯಲ್ಲಿ ಅಯೂಬ ಡಬ್ಬಿಯನ್ನು ನೋಡಲೇ ಇಲ್ಲ. ವಾಯರನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ನಗತೊಡಗಿದ. "ಅಣ್ಣಾರ, ಇದು ಫೋನ್ ಚಾರ್ಜ್ ಮಾಡೂ ವಾಯರ್ರಿ! ಕೆರಿ ತುಂಬ ನೀರೈತಿ, ನೀವು ದವಾಖಾನಿ ಸಲಾಯಿನ್ ಪೈಪ್ ಹಚ್ಚಿ ಹೊಲಾ ತೊಯ್ಸಾಕತ್ತೀರಿ. ಊರೂರು ತಿರುಗಿದ್ರ ಏನಾಕೈತಿ, ಪೈಪ್ ಅದಾ ಅಲ್ಲೇನು? ಡಬ್ಬಿ ಜೋಡಿ ಗಿಡ್ಡ ವಾಯರ್ ಬಂದಿರಬೇಕಲ್ರಿ, ಅದು ಎಲ್ಲೈತಿ?"

ಗುರುನಾಥ ಹಣೆ ಬಡಿದುಕೊಂಡ. "ಎಸ್ಸೆಸ್ಡಿ ಕಡೆ ಐತಿ."

"ಎಸ್ಸೆಸ್ಡಿ ನಿಮ್ಮ ಕೈಯಾಗ ಐತಲ್ರಿ?"

"ಇದಲ್ಲೋ ಮಾರಾಯಾ, ನಮ್ಮ ಸರ್."

ಅಯೂಬನ ಸ್ವಂತ ವಾಯರು ಕ್ಯಾಮೆರಾದ ಜೊತೆ ಅಗರಖೇಡದ ಮದುವೆಗೆ ಹೋಗಿತ್ತು. ಗುರುನಾಥ ಮುಂದಿನ ಬಸ್ಸಿಗೇ ಸಿಂದಗಿಗೆ ಬಂದು, ಮನೆಯಿಂದ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ನೆಟ್ಟಗೆ ಸರ್ ಮನೆಗೆ ನಡೆದ.

ಸಂಜೆ ಐದಾಗಿತ್ತು. ಕಟ್ಟೆಯ ಮೇಲೆ ಪಂಚಾಯಿತಿಯೇ ಕೂತಿತ್ತು. ನಡುವೆ ಎಸ್.ಎಸ್.ಡಿ. ಸರ್, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಒಂದು ಪಕ್ಕ ಸಾಬೀರಾ ಮೇಡಂ, ಇನ್ನೊಂದು ಪಕ್ಕ ಕಾನೂನು ಸಲಹೆಗೆಂದು ಧರೆಪ್ಪ. ಸುನಂದಮ್ಮ ಬಾಗಿಲಲ್ಲಿ ನಿಂತಿದ್ದರು.

"ಬಾ" ಎಂದರು ಸರ್. ದನಿ ಸಣ್ಣದಾಗಿತ್ತು. "ವಾಯ್ದೆ ಎಂದೈತಿ?"

ವಾಯ್ದೆ ಅಂದರೆ ಕೋರ್ಟಿನ ತಾರೀಖು. ಗುರುನಾಥನಿಗೆ ಕೇಳಿಸಿದ್ದು ವಾಯರು. ಸರ್‌ಗೆ ಅದೂ ಗೊತ್ತಾಗಿಬಿಟ್ಟಿದೆಯಲ್ಲ ಎಂದುಕೊಂಡ. "ಅದನ್ನ ಕೇಳಾಕ ಬಂದೇನ್ರಿ ಸರ್! ನೀವು ಅದನ್ನೊಂದು ಕೊಟ್ರ ಕೇಸ್ ಇವತ್ತ ಮುಗೀತೈತಿ."

"ನಾನು ಕೊಡಬೇಕೇನು?"

"ನಿಮ್ಮ ಕಡೇನ ಐತಲ್ರಿ!"

ಧರೆಪ್ಪ ಎದ್ದು ನಿಂತ. "ಆರೋಪಿನ ವಾಯ್ದೆ ಕೊಡೂದು ಯಾವ ಕಾಯ್ದ್ಯಾಗೂ ಇಲ್ರಿ ಸರ್!"

ಸರ್ ಕೈಯೆತ್ತಿ ಅವನನ್ನು ಸುಮ್ಮನಿರಿಸಿದರು. "ಗುರುನಾಥಾ, ನಾಕು ವರ್ಷ ಈ ಕಟ್ಟಿ ಮ್ಯಾಲ ನಿನಗ ಕಲಿಸೇನಿ. ಬೈದೇನಿ, ಕಿವಿ ಹಿಂಡೇನಿ, ದಡ್ಡ ಅಂತ ನಾಕು ಮಂದ್ಯಾಗ ಅಂದೇನಿ. ಅದು ನಿನ್ನ ಮನಸಿನಾಗ ಕುಂತಿದ್ರ, ನನ್ನ ಮುಂದ ಬಂದು ಹೇಳಬೇಕಾಗಿತ್ತು. ಮೂರು ಊರು ಕೋರ್ಟಿಗೆ ಹೋಗೂದು ಬೇಕಿತ್ತೇನು?" ಸುನಂದಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

ಗುರುನಾಥ ಎಲ್ಲರ ಮುಖ ನೋಡಿದ. ಮೇಡಂ ಬರೆದ ಕೆಂಪು ಶಾಯಿ, ಬಸ್ಸಿನ ಫೋನು, ನಾಲ್ಕು ಬೆರಳು ತೆರೆದ ಬಾಗಿಲು, ಒಂದೊಂದೇ ನೆನಪಾದವು. ಅವನ ಜೀವನದಲ್ಲಿ ಮೊದಲ ಸಲ ಒಂದು ಲೆಕ್ಕ ತಾನಾಗಿಯೇ ಬಿಡಿಸಿಕೊಂಡಿತು. ಲ್ಯಾಪ್‌ಟಾಪು ಸಮೇತ ಸರ್ ಕಾಲಿಗೆ ಬಿದ್ದ.

"ಸರ್! ನಿಮ್ಮ ಮ್ಯಾಲ ಕೇಸ್ ಹಾಕೂ ಮೊದಲ ನನ್ನ ಕೈ ಸೇದಿಹೋಗಲಿ! ಇದ ನೋಡ್ರಿ ಎಸ್ಸೆಸ್ಡಿ. ಇದ ನೋಡ್ರಿ ಕೇಸ್!" ಎಂದು ಕಿಸೆಯಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಒಳಗಿನ ಪಟ್ಟಿ ತೋರಿಸಿ, ಅಳುತ್ತ ಮೊದಲಿನಿಂದ ಕಡೆಯವರೆಗೆ ಹೇಳಿದ.

ಕಟ್ಟೆಯ ಮೇಲಿದ್ದವರೆಲ್ಲ ಒಟ್ಟಿಗೆ ಧರೆಪ್ಪನ ಕಡೆ ತಿರುಗಿದರು. ಧರೆಪ್ಪ ಚಪ್ಪಲಿ ಹುಡುಕತೊಡಗಿದ. "ಐತಿ ಅಂದಾಗ ನನಗ ಆವಾಗನ ಸಂಶೆ ಬಂದಿತ್ರಿ" ಎಂದ.

ಸರ್ ಮಾತ್ರ ಡಬ್ಬಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. ಅವರ ಹುಬ್ಬು ಮೇಲೇರಿತು. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವರ ಹುಬ್ಬು ಅದು, ಲೆಕ್ಕ ಕಂಡರೆ ಸುಮ್ಮನಿರುವುದಿಲ್ಲ.

"ಇಪ್ಪತ್ನಾಲ್ಕು ಜಿಬಿಗೆ ಹತ್ತು ನಿಮಿಷ ಅಂದ್ಯಲ್ಲ. ಸಾವಿರಕ್ಕ ನಲವತ್ತು, ಅಂದ್ರ ನೂರಕ್ಕ ನಾಕು. ನೀನೂ ಅಷ್ಟು ಕಡಿಮಿ ತಗೊಂಡಿಲ್ಲ ಬಿಡು. ಸುನಂದಾ, ಆ ಗಿಡ್ಡ ವಾಯರ್ ತಾ."

"ಫೋನ್ ಚಾರ್ಜಿಗೆ ಹಚ್ಚೇನ್ರಿ. ಹನ್ನೆರಡ ಪರ್ಸೆಂಟ್ ಐತಿ."

"ತಾ ಅಂದ್ನಿಲ್ಲ?"

ವಾಯರು ಬಂತು. ಸರ್ ತಮ್ಮ ಹಳೆಯ ಕೈಗಡಿಯಾರ ಬಿಚ್ಚಿ ಹಿಡಿದುಕೊಂಡರು. ಗುರುನಾಥ ವಾಯರ್ ಹಚ್ಚಿ ಕಾಪಿ ಒತ್ತಿದ. ಹಸಿರು ಪಟ್ಟಿ ಓಡತೊಡಗಿತು. ಚಪ್ಪಲಿ ಸಿಕ್ಕಿದ್ದರೂ ಧರೆಪ್ಪ ಹೋಗಲಿಲ್ಲ.

"ಮುಗೀತ್ರಿ!"

"ಅರವತ್ತು ಸೆಕೆಂಡ್" ಎಂದರು ಸರ್. ಮೇಡಂ ಕೂಡಲೇ ಫೋನು ತೆಗೆದರು. "ಮೇಡಂ, ಒಳಗಿಡ್ರಿ ಅದನ್ನ. ಗುರುನಾಥಾ, ಎದ್ದು ನಿಂದ್ರು. ಒಂದು ನಿಮಿಷಕ್ಕ ಇಪ್ಪತ್ನಾಲ್ಕು ಸಾವಿರ ಆದ್ರ ಒಂದು ಸೆಕೆಂಡಿಗೆ ಎಷ್ಟು?"

"ಸರ್, ಸಾವಿರದ ಇಪ್ಪತ್ನಾಲ್ಕಲ್ರಿ ಒಂದು ಜಿಬಿಗೆ?" ಎಂದರು ಮೇಡಂ ಮೆಲ್ಲಗೆ.

"ಅದು ಕಾಲೇಜಿನಾಗ. ನನ್ನ ಕಟ್ಟಿ ಮ್ಯಾಲ ಸಾವಿರ."

ಗುರುನಾಥ ಎದ್ದು ಕೈಕಟ್ಟಿ ನಿಂತ. ನಲವತ್ತು ದಾಟಿದ ಹೊಟ್ಟೆಯ ಮೇಲೆ ಕೈ ಸರಿಯಾಗಿ ಕೂಡಲಿಲ್ಲ. ಬೆರಳು ಮಡಚಿದ, ಬಿಚ್ಚಿದ, ಮಾಡು ನೋಡಿದ. ಈ ಸಲ ರೈಲು ಇರಲಿಲ್ಲ, ಕಣ್ಣೆದುರಿಗೆ ಡಬ್ಬಿ ಇತ್ತು. ಸರ್ ಕಾದರು. ಇಷ್ಟು ಹೊತ್ತು ಅವರು ಯಾರಿಗೂ ಕಾದವರಲ್ಲ.

"ನಾಕ್... ನಾಕನೂರ್ರಿ ಸರ್."

"ಸಾವಿರಕ್ಕ ನಾಕನೂರಂದ್ರ ನೂರಕ್ಕ?"

"ನಲವತ್ತು!"

"ಪಾಸ್!" ಎಂದರು ಸರ್ ತೊಡೆ ತಟ್ಟಿ. "ನಿನಗಿಂತ ಐದು ಮಾರ್ಕ್ಸ್ ಹೆಚ್ಚು."

ಕಟ್ಟೆಯ ಮೇಲೆ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಗುರುನಾಥ, ಇನ್ನೂ ಮೂಗು ಒರೆಸಿಕೊಳ್ಳುತ್ತ. ಸರ್ ಮಾತ್ರ ನಗು ನಿಂತ ಮೇಲೂ ಗಡಿಯಾರ ನೋಡುತ್ತಲೇ ಇದ್ದರು. "ಉಳದ ಆರನೂರು ಎಲ್ಲಿಗೆ ಹೋತು? ಕಲ್ಮೇಶನ ಹೊಸಾ ಲ್ಯಾಪ್‌ಟಾಪಿಗೆ ಈ ವಾಯರ್ ಹಚ್ಚಿ ನೋಡಿಲ್ಲ ಅಂದ್ಯಲ್ಲ. ನಾಳೆ ಅಂವಗ ಒಂದು ತಾಸು ಮೊದಲ ಬಾ ಅಂತ ಹೇಳು. ನಾನೂ ಬರ್ತೇನಿ."

ರವಿವಾರ ಹಾರ ಶಾಲು ಬರುವ ಮೊದಲೇ ಎಸ್.ಎಸ್.ಡಿ. ಸರ್ ಬಂದಿದ್ದರು. ಹಳೆಯ ವಿದ್ಯಾರ್ಥಿಗಳು ಬಂದು ನೋಡಿದರೆ, ವೇದಿಕೆಯ ಮೇಲೆ ಸನ್ಮಾನಿತರು ಮೊಣಕಾಲೂರಿ ಕೂತು ಕಲ್ಮೇಶನ ಲ್ಯಾಪ್‌ಟಾಪಿಗೆ ಗಡಿಯಾರ ಹಿಡಿದಿದ್ದರು. ಮೂವತ್ತು ಸೆಕೆಂಡು. ಎಂಟುನೂರು. "ಡಿಸ್ಟಿಂಕ್ಷನ್" ಎಂದು ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡರು. ಶಾಲು ಹೊದಿಸಿದರೂ ಬೇಡ ಅನ್ನಲಿಲ್ಲ. ಮಾತಾಡಿರಿ ಎಂದು ಮೈಕು ಕೊಟ್ಟಾಗ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮೂವತ್ನಾಲ್ಕು ವರ್ಷ ಭಾಳ ಹುಡುಗೂರಿಗೆ ದಡ್ಡ ಅಂದೇನಿ" ಎಂದರು. ಮುಂದಿನ ಸಾಲಿನಲ್ಲಿ ಕೂತ ಗುರುನಾಥನನ್ನು ನೋಡುತ್ತಿದ್ದರು. "ನಿನ್ನೆ ತಿಳೀತು. ಡಬ್ಬಿ ಎಲ್ಲಾ ಚಲೋನ ಇದ್ದೂ. ಎಷ್ಟೋ ಸಲ ನಾನ ತಪ್ಪು ವಾಯರ್ ಹಚ್ಚಿದ್ನಿ."

ಗುರುನಾಥ ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕಿದ, ಕಿಸೆಯಲ್ಲಿ ಸಿಕ್ಕಿದ್ದು ಗಿಡ್ಡ ವಾಯರು. ಸರ್ ಇನ್ನೂ ಮೈಕು ಬಿಟ್ಟಿರಲಿಲ್ಲ.

"ಗುರುನಾಥಾ, ಇನ್ನ ಅದನ್ನ ಇತ್ತ ಕೊಡು. ನಿನ್ನೆಯಿಂದ ನನ್ನ ಫೋನ್ ಸತ್ತು ಬಿದ್ದೈತಿ."